ಕುಡಿಯದವನ ಬಿಯರ್ ನಳ

ನಮ್ಮ ದೊಡ್ಡ ಮಾಮಾ ಒಂದೇ ವರ್ಷದಲ್ಲಿ ಸುರಿದಷ್ಟು ಬಿಯರನ್ನು ಇಡೀ ಸೇಡಂ ತಾಲೂಕಿನಲ್ಲಿ ಇನ್ನೊಬ್ಬರು ಸುರಿದಿರಲಿಕ್ಕಿಲ್ಲ. ಗಂಟಲಿಗಲ್ಲ, ಬಕೀಟಿಗೆ! ಅವನ ನಾಲಿಗೆಗೆ ಇವತ್ತಿನವರೆಗೂ ಬಿಯರಿನ ರುಚಿ ಗೊತ್ತಿಲ್ಲ. ಚಹಾದ ಬಣ್ಣ ಸ್ವಲ್ಪ ಕಡು ಕಂಡರೆ ತಲೆ ತಿರುಗುತ್ತದೆ ಎಂದು ಕಪ್ಪನ್ನು ಹಿಂದಕ್ಕೆ ಸರಿಸುವ ಮನುಷ್ಯ. ಅಂಥವನು ವಾಡಿಯಲ್ಲಿ ಪ್ಯಾಸೆಂಜರ್ ರೈಲು ಹತ್ತಿ, ಬಗಲಲ್ಲಿ ಸ್ಟೀಲಿನ ಅಳತೆಪಟ್ಟಿ ಇಟ್ಟುಕೊಂಡು, ವಾರಕ್ಕೆ ಮೂರು ದಿನ ಸೇಡಂನ ಒಂದು ಬಾರಿಗೆ ಹೋಗಿ ಬರುತ್ತಿದ್ದ ಎಂದರೆ ನಂಬುತ್ತೀರಾ? ನಮ್ಮ ಓಣಿಯವರು ಅರ್ಧ ನಂಬಿದರು. ಬಾರಿಗೆ ಹೋಗುತ್ತಾನೆ ಎಂಬುದನ್ನು ನಂಬಿದರು, ಕುಡಿಯುವುದಿಲ್ಲ ಎಂಬುದನ್ನು ನಂಬಲಿಲ್ಲ.

ಅವರದೂ ತಪ್ಪಲ್ಲ ಬಿಡಿ. ತಿರುಗಿ ಬರುವಾಗ ಮಾಮಾನ ಅಂಗಿ, ಪ್ಯಾಂಟು, ಚಪ್ಪಲಿ ಎಲ್ಲವೂ ಬಿಯರಿನಲ್ಲಿ ತೋಯ್ದು ನಾರುತ್ತಿದ್ದವು. ರೈಲಿನಲ್ಲಿ ಎಷ್ಟೇ ಗದ್ದಲವಿರಲಿ, ಅವನಿಗೆ ಕಿಟಕಿ ಪಕ್ಕದ ಸೀಟು ಖಾಯಂ. ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡು ಎದ್ದು ಹೋಗಿರುತ್ತಿದ್ದರು. ಮನೆಗೆ ಬಂದರೆ ಮಾಮಿ ಅವನನ್ನು ಬಾಗಿಲ ಹೊರಗೇ ನಿಲ್ಲಿಸಿ ತಲೆಯ ಮೇಲೆ ಎರಡು ಕೊಡ ನೀರು ಸುರಿದು ಒಳಗೆ ಬಿಡುತ್ತಿದ್ದಳು. ಹೆಣ ಸುಟ್ಟು ಬಂದವರಿಗೂ ಯಾರೂ ಅಷ್ಟು ನೀರು ಹಾಕುವುದಿಲ್ಲ.

ಮಾಮಾನ ಜಾತಕವನ್ನು ಸ್ವಲ್ಪ ಹೇಳಬೇಕು. ಅವನು ಮೂವತ್ತು ವರ್ಷ ಸಿಮೆಂಟ್ ಫ್ಯಾಕ್ಟರಿಯಲ್ಲಿ ನೀರಿನ ಲೈನಿನ ವಾಲ್ವ್‌ಗಳನ್ನು ನೋಡಿಕೊಂಡಿದ್ದ ಫಿಟ್ಟರ್. ನಿವೃತ್ತನಾದ ಮೇಲೆ ವಾಡಿಯ ಸ್ಟೇಷನ್ ರಸ್ತೆಯಲ್ಲಿ ಹಿತ್ತಾಳೆ ಕಬ್ಬಿಣ ಕಡೆಯುವ ಒಂದು ಲೇತ್ ಹಾಕಿಕೊಂಡು ಕೂತ. ಮನುಷ್ಯರನ್ನು ಅವನು ಅಳೆಯುವುದು ಅವರ ಮನೆಯ ನಳದಿಂದ. ನನ್ನ ಸಂಬಂಧ ನೋಡಲು ರಾವೂರಿಗೆ ಹೋದಾಗ ಎಲ್ಲರೂ ಅವಲಕ್ಕಿ ತಿನ್ನುತ್ತಿದ್ದರೆ ಇವನು ನೇರವಾಗಿ ಬಚ್ಚಲಿಗೆ ಹೋದ. ಅಲ್ಲಿ ನಳ ಸೋರುತ್ತಿತ್ತು. ಸಂಬಂಧ ಬೇಡವೆಂದು ಎದ್ದೇಬಿಟ್ಟ! ನಮ್ಮ ಅವ್ವ ಕೈಕಾಲು ಹಿಡಿದ ಮೇಲೆ, ಕಿಸೆಯಿಂದ ನಳ ಬಿಗಿಯುವ ಪಾನಾ ತೆಗೆದು ಅದನ್ನು ರಿಪೇರಿ ಮಾಡಿ ಒಪ್ಪಿಗೆ ಕೊಟ್ಟ. ನನ್ನ ಗಂಡನ ಬಗ್ಗೆ ಅವನು ಇವತ್ತಿಗೂ ಏನೂ ಹೇಳಿಲ್ಲ. ಆ ನಳ ಮಾತ್ರ ಆಮೇಲೆ ಒಂದು ಹನಿ ಸೋರಿಲ್ಲ ಎಂದು ಹಬ್ಬಹುಣ್ಣಿಮೆಗೆ ನೆನಪು ಮಾಡುತ್ತಾನೆ.

ಇಂಥವನಿಗೆ ಬಿಯರಿನ ಸಹವಾಸ ಹೇಗೆ ಬಂತು? ನಗುವಂಥ ಕತೆಯಲ್ಲ ಅದು.

ನಮ್ಮ ಸಣ್ಣ ಮಾಮಾ, ಅಂದರೆ ಇವನ ತಮ್ಮ, ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದವನು. ಸೇಡಂನ ಆ ಬಾರಿನಲ್ಲಿ ವೇಟರ್ ಆಗಿದ್ದ. ಬಾರಿನ ಸಾಹುಕಾರರು ಹೈದರಾಬಾದಿಗೆ ಹೋದಾಗ ನಳ ತಿರುವಿದರೆ ಬಿಯರ್ ಬರುವ ಯಂತ್ರ ನೋಡಿ ಮರುಳಾಗಿ, ಹಳೆಯದೊಂದನ್ನು ತಂದು ಕೌಂಟರಿನ ಮೇಲೆ ಕೂಡಿಸಿದ್ದರು. ಊರಿಗೆಲ್ಲ ಅದೇ ಸುದ್ದಿ. ಆದರೆ ಆ ನಳದಿಂದ ಬಿಯರಿಗಿಂತ ನೊರೆಯೇ ಹೆಚ್ಚು ಬರುತ್ತಿತ್ತು. ಅರ್ಧ ಗ್ಲಾಸು ನೊರೆ ಕಂಡರೆ ಕುಡಿಯಲು ಬಂದವನಿಗೆ ಮೋಸವಾದಂತೆ ಅನ್ನಿಸುತ್ತದಂತೆ. ಬೇಸಿಗೆಯ ಒಂದು ಮಧ್ಯಾಹ್ನ, ಕರೆಂಟೂ ಹೋಗಿ, ಬಾರು ತುಂಬಿ, ಎಲ್ಲರೂ ಬೆವರುತ್ತಿದ್ದಾಗ, ಒಬ್ಬ ಗಿರಾಕಿ ಸಾಬೂನು ನೀರು ಕುಡಿಸುತ್ತೀಯೇನೋ ಎಂದು ಬೈದು ಆ ಗ್ಲಾಸನ್ನೇ ಎತ್ತಿ ಎಸೆದ. ಅದು ಸಣ್ಣ ಮಾಮಾನ ಎಡಗಣ್ಣಿಗೆ ಬಿತ್ತು.

ಕಲಬುರಗಿಯ ಆಸ್ಪತ್ರೆಯಲ್ಲಿ ನಾವೆಲ್ಲ ಅಳುತ್ತಾ ನಿಂತಿದ್ದೆವು. ಎಡಗಣ್ಣು ಹೋಗಿತ್ತು. ಅರ್ಧ ಮುಖಕ್ಕೆ ಪಟ್ಟಿ ಕಟ್ಟಿದ ತಮ್ಮನ ಹತ್ತಿರ ದೊಡ್ಡ ಮಾಮಾ ಬಗ್ಗಿದ. ಏನೋ ಸಮಾಧಾನ ಹೇಳುತ್ತಾನೆಂದು ನಾವು ಅಂದುಕೊಂಡೆವು.

"ತಮ್ಮಾ, ನೊರಿ ಎಷ್ಟಿತ್ತು?" ಎಂದು ಕೇಳಿದ.

ಸಣ್ಣ ಮಾಮಾ ಪಾಪ, ಅರ್ಧ ಗ್ಲಾಸಿತ್ತು, ನಳ ತಿರುವುವಾಗ ತನ್ನ ಕೈಯೇ ಜೋರಾಯಿತು ಎಂದ. ನನಗೆ ಮೈ ಉರಿದುಹೋಯಿತು. ಕಣ್ಣು ಹೋದವನ ಹತ್ತಿರ ಕೇಳುವ ಪ್ರಶ್ನೆಯೇ ಇದು?

ಅದರ ಮೇಲೆ ಡಾಕ್ಟರರು ಇನ್ನೊಂದು ಮಾತು ಹೇಳಿದರು. ಒಂದು ಕಣ್ಣಿನೊಳಗೆ ಇಂಥ ಪೆಟ್ಟು ಬಿದ್ದರೆ ಒಮ್ಮೊಮ್ಮೆ ಚೆನ್ನಾಗಿರುವ ಇನ್ನೊಂದು ಕಣ್ಣೂ ನಿಧಾನಕ್ಕೆ ಕೆಡುತ್ತದಂತೆ. ಔಷಧ ಕೊಡುತ್ತೇವೆ, ಭರವಸೆ ಕೊಡಲಾರೆವು ಎಂದರು. ದೊಡ್ಡ ಮಾಮಾ ಹೊರಗೆ ಬಂದು ನಮ್ಮೆಲ್ಲರ ಮುಂದೆ, "ಆ ಕಣ್ಣು ಹೋಗೂದ್ರೊಳಗ ನೊರಿ ಬರದಂಥ ನಳ ಮಾಡಿ ಅವನಿಗಿ ತೋರಸ್ತೀನಿ," ಎಂದ. ದುಃಖಕ್ಕೆ ಇವನ ತಲೆ ಕೆಟ್ಟಿತು ಎಂದು ನಾವು ತೀರ್ಮಾನ ಮಾಡಿದೆವು. ಮಾಮಿಯಂತೂ ಮೊದಲಿಂದಲೂ ಹಾಗೇ ಇತ್ತು, ನಿಮಗೆ ಈಗ ಗೊತ್ತಾಯಿತು ಎಂದಳು.

ಮುಂದಿನ ವಾರ ಹಿರಿಯರು ಆ ಗ್ಲಾಸು ಎಸೆದವನನ್ನು ರಾಜಿಗೆಂದು ವಾಡಿಯ ಮನೆಗೆ ಕರೆತಂದರು. ಅವನು ತಲೆ ಬಗ್ಗಿಸಿ ಕೂತಿದ್ದ. ಮಾಮಿ ಕುಡಿಯಲು ನೀರು ಕೂಡ ಕೊಡಲಿಲ್ಲ. ದೊಡ್ಡ ಮಾಮಾ ಒಳಗಿನಿಂದ ಒಂದು ಖಾಲಿ ಬಿಯರ್ ಗ್ಲಾಸು, ಒಂದು ಗುರುತು ಹಾಕುವ ಪೆನ್ಸಿಲು ತಂದು ಅವನ ಮುಂದಿಟ್ಟು, ನೊರೆ ಎಲ್ಲಿಗೆ ಮುಗಿದು ಬಿಯರ್ ಎಲ್ಲಿಂದ ಶುರುವಾಗಿತ್ತು ಎಂದು ಗೆರೆ ಎಳೆಯಲು ಹೇಳಿದ. ಅವನು ಗ್ಲಾಸನ್ನು ತಿರುಗಿಸಿ ನೋಡಿ ಗೆರೆ ಎಳೆದ. ಮಾಮಾ ಪಟ್ಟಿ ಹಿಡಿದು ಅಳೆದು ನೋಡಿ, "ಇಷ್ಟು ನೊರಿ ಬಂದ್ರ ಯಾರಿಗರೆ ಸಿಟ್ಟು ಬರ್ತದ," ಎಂದುಬಿಟ್ಟ!

ಬಯ್ಯಿಸಿಕೊಳ್ಳಲು ತಯಾರಾಗಿ ಬಂದಿದ್ದ ಆ ಮನುಷ್ಯ ಜೋರಾಗಿ ಅಳತೊಡಗಿದ. ಮಾಮಿ ಎಂಟು ದಿನ ಗಂಡನ ಜೊತೆ ಮಾತಾಡಲಿಲ್ಲ. ರೊಟ್ಟಿಯನ್ನು ತಟ್ಟೆಗೆ ಹಾಕುತ್ತಿರಲಿಲ್ಲ, ಎಸೆಯುತ್ತಿದ್ದಳು. ತಮ್ಮನ ಕಣ್ಣು ತೆಗೆದವನ ಪರವಾಗಿ ವಕಾಲತ್ತು ಮಾಡುವ ಅಣ್ಣನನ್ನು ನಾನೂ ಎಲ್ಲಿಯೂ ಕಂಡಿರಲಿಲ್ಲ.

ಕೆಲಸ ಶುರುವಾಯಿತು. ಜೊತೆಗೆ ಸಿಕ್ಕವರು ಶಹಾಬಾದಿನ ವೆಲ್ಡಿಂಗ್ ಅಂಗಡಿಯ ಮಸ್ತಾನ್ ಭಾಯ್. ಅವರು ಐದು ಹೊತ್ತು ನಮಾಜು ಮಾಡುವವರು, ಬಿಯರ್ ಇದ್ದ ಪಾತ್ರೆಯನ್ನೂ ಮುಟ್ಟುವುದಿಲ್ಲ. ಹಿತ್ತಾಳೆ ಬೆಸೆದು ಕೊಡುತ್ತೇನೆ, ಪರೀಕ್ಷೆ ಸೋಡಾದಲ್ಲಿ ಮಾಡಿ ಎಂದರು. ಹೀಗೆ ಬಿಯರಿನ ನಳವನ್ನು ಬಿಯರ್ ಕುಡಿಯದ ಇಬ್ಬರು ಸೇರಿ ಸೋಡಾದಲ್ಲಿ ತಯಾರಿಸತೊಡಗಿದರು. ಆದರೆ ಸೋಡಾದ ನೊರೆ ನಿಲ್ಲುವುದಿಲ್ಲ, ಅಳೆಯುವುದರೊಳಗೆ ಸತ್ತುಹೋಗುತ್ತದೆ. ಮಸ್ತಾನ್ ಭಾಯ್ ತಲೆ ಓಡಿಸಿ ಅದಕ್ಕೆ ಅಂಟವಾಳಕಾಯಿಯ ನೀರು ಬೆರೆಸಿದರು. ನೊರೆ ನಿಂತಿತು. ಅದನ್ನು ಬಾಟಲಿಗಳಲ್ಲಿ ತುಂಬಿ ಮಾಮಾ ಪಡಸಾಲೆಯಲ್ಲಿ ಸಾಲಾಗಿ ಇಟ್ಟಿದ್ದ. ಚಿಂಚೋಳಿಯ ಬಿಸಿಲಿನಲ್ಲಿ ಡ್ಯೂಟಿ ಮುಗಿಸಿ ನೇರವಾಗಿ ಅಲ್ಲಿಗೆ ಬಂದ ನನ್ನ ಗಂಡ, ಯಾರನ್ನೂ ಕೇಳದೆ ಒಂದು ಬಾಟಲಿ ಎತ್ತಿ ಗಟಗಟ ಕುಡಿದುಬಿಟ್ಟ. ಅವತ್ತು ಸಂಜೆಯತನಕ ಅವನು ಬಾಯಿ ತೆರೆದಾಗಲೆಲ್ಲ ಮಾತಿಗಿಂತ ಮೊದಲು ಗುಳ್ಳೆ ಬರುತ್ತಿದ್ದವು! ಮಾಮಾ ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಗುಳ್ಳೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಿಕೊಂಡ.

ಗುಂಡಗುರ್ತಿಯಲ್ಲಿ ಸಂಬಂಧಿಕರೊಬ್ಬರು ತೀರಿಕೊಂಡಾಗಲೂ ಇದೇ ಕತೆ. ಮಗಳು ಬರಲಿ ಎಂದು ಹೆಣ ಇಟ್ಟುಕೊಂಡು ಕಾಯುತ್ತಿದ್ದರು. ಮಾಮಾ ಅಂಗಳದ ನೀರಿನ ಡ್ರಮ್ಮಿನ ಮುಂದೆ ಕೂತು, ಕಿವಿ ಹಚ್ಚಿ, ನಳವನ್ನು ತೆರೆಯುವುದು, ಮುಚ್ಚುವುದು ಮಾಡುತ್ತಿದ್ದ. ದುಃಖ ತಡೆಯಲಾರದೆ ಹೀಗೆ ಮಾಡುತ್ತಿದ್ದಾನೆಂದು ಮುದುಕರೊಬ್ಬರು ಹೆಗಲ ಮೇಲೆ ಕೈಯಿಟ್ಟು, ಎಲ್ಲರೂ ಒಂದು ದಿನ ಹೋಗುವವರೇ ಎಂದು ಸಮಾಧಾನ ಹೇಳಿದರು. ಮಾಮಾ ನಳದಿಂದ ಕಣ್ಣು ತೆಗೆಯದೆ, "ಹೋಗೂದು ಖರೆ ಅದರಿ. ಎಷ್ಟು ಜೋರಾಗಿ ಹೋಗಬೇಕು ಅನ್ನೂದೇ ತಿಳೀವಲ್ದು," ಎಂದ. ಮುದುಕರು ಅದನ್ನು ವೇದಾಂತ ಎಂದು ತಿಳಿದರು. ಈಗಲೂ ಆ ಕಡೆಯ ಸಾವಿನ ಮನೆಗಳಲ್ಲಿ ಆ ಮಾತನ್ನು ಹೇಳುತ್ತಾರಂತೆ.

ಇಷ್ಟರಲ್ಲಿ ಸಣ್ಣ ಮಾಮಾನ ಬಲಗಣ್ಣು ಮಂಜಾಗತೊಡಗಿತ್ತು. ಮೊದಲು ಪೇಪರಿನ ಸಣ್ಣ ಅಕ್ಷರಗಳು ಹೋದವು. ಆಮೇಲೆ ದಪ್ಪ ಹೆಡ್ಡಿಂಗುಗಳೂ ಹೋದವು. ಅಕ್ಕಿ ಆರಿಸಲು ಕೂತರೆ ಹರಳು ಉಳಿಯುತ್ತಿದ್ದವು. ಮಾಮಿ ಅದನ್ನು ಮತ್ತೊಮ್ಮೆ ಆರಿಸಿಕೊಳ್ಳುತ್ತಿದ್ದಳು. ದೊಡ್ಡ ಮಾಮಾ ದಿನಾ ಬೆಳಿಗ್ಗೆ ತಮ್ಮನ ಮುಂದೆ ಅಳತೆಪಟ್ಟಿ ಹಿಡಿದು, ಎಷ್ಟು ದೂರದಿಂದ ಅಂಕಿ ಕಾಣುತ್ತದೆ ಎಂದು ಕೇಳಿ ಒಂದು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದ. ಪುಟದ ಒಂದು ಬದಿ ತಮ್ಮನ ಕಣ್ಣು, ಇನ್ನೊಂದು ಬದಿ ನಳದ ನೊರೆ. ಇಳಿಯಬೇಕಾದ ನೊರೆ ಇಳಿಯುತ್ತಿರಲಿಲ್ಲ. ನಿಲ್ಲಬೇಕಾದ ಕಣ್ಣು ಇಳಿಯುತ್ತಲೇ ಇತ್ತು. ಆ ಪುಟಗಳನ್ನು ನೋಡಿದಾಗ ನನಗೆ ನಗು ಬರಲಿಲ್ಲ.

ನನಗೆ ಆ ನೋಟುಬುಕ್ಕು ಸಿಕ್ಕಿದ್ದು ಹೀಗೆ. ನಾನು ಚಿತ್ತಾಪುರದಲ್ಲಿ ಶಾಲೆಯ ಟೀಚರು, ಅಕ್ಷರ ದುಂಡಗಿದೆ. ಅದರಲ್ಲಿ ತಾನು ಬರೆದ ನಳಗಳ ಚಿತ್ರಗಳಿಗೆಲ್ಲ ಹೆಸರು ಬರೆದುಕೊಡು ಎಂದು ಮಾಮಾ ಒಂದು ರವಿವಾರ ನನ್ನನ್ನು ಬಾರಿಗೇ ಕರೆದುಕೊಂಡು ಹೋದ. ಬೆಳಿಗ್ಗೆ ಗಿರಾಕಿಗಳು ಬರುವ ಮೊದಲು, ಪೀಪಾಯಿಯ ತಳದಲ್ಲಿ ಉಳಿದ ಬಿಯರಿನಲ್ಲಿ ಪರೀಕ್ಷೆ ಮಾಡಿಕೊಳ್ಳಲು ಸಾಹುಕಾರರು ಅವನಿಗೆ ಬಿಟ್ಟಿದ್ದರು. ನಾನು ಸೆರಗು ತಲೆಯ ಮೇಲೆ ಹೊದ್ದು ಮೂಲೆಯ ಟೇಬಲ್ಲಿನಲ್ಲಿ ಕೂತೆ. ಅದೇ ಹೊತ್ತಿಗೆ ಮೊಟ್ಟೆ ಕೊಡಲು ಬಂದವರು ಯಾರು? ನನ್ನ ತರಗತಿಯ ಹುಡುಗಿಯೊಬ್ಬಳ ಅಪ್ಪ! ಅವರು ಮೊಟ್ಟೆಯ ಟ್ರೇ ಹಿಡಿದು ಭಾಳ ಮರ್ಯಾದೆಯಿಂದ, ತಮ್ಮ ಮಗಳು ಗಣಿತದಲ್ಲಿ ಹೇಗಿದ್ದಾಳೆ ಎಂದು ವಿಚಾರಿಸಿದರು. ಆ ಮಗುವಿಗೆ ಆಮೇಲೆ ನಾನು ಹೋಂವರ್ಕ್ ಕೇಳುವ ಧೈರ್ಯ ಮಾಡಿಲ್ಲ.

ನೋಟುಬುಕ್ಕಿನ ಮೊದಲ ಪುಟದಲ್ಲಿ ಒಂದು ನಳದ ಚಿತ್ರವಿತ್ತು, ಉಳಿದವುಗಳಿಗಿಂತ ಚೊಕ್ಕವಾಗಿ ಬರೆದದ್ದು. ಇದಕ್ಕೆ ಏನು ಹೆಸರು ಬರೆಯಲಿ ಎಂದು ಕೇಳಿದೆ. ಮಾಮಾ ಬಕೀಟಿನ ಮುಂದೆ ಕೂತಿದ್ದವನು ತಿರುಗಲಿಲ್ಲ.

"ಅದಕ್ಕ ಹೆಸರು ಬರೀಬ್ಯಾಡವ್ವಾ," ಎಂದ. "ಅದು ಮೊದಲಿಂದು. ನಾನೇ ಮಾಡಿದ್ದು. ತಮ್ಮನ ಕಣ್ಣು ತಗೊಂಡಿದ್ದು ಅದೇ."

ಆಮೇಲೆ ನಿಧಾನಕ್ಕೆ ಎಲ್ಲ ಹೇಳಿದ. ಯಂತ್ರದ ಜೊತೆ ಬಂದ ನಳ ಸೋರುತ್ತಿತ್ತಂತೆ. ವೇಟರಿನ ಅಣ್ಣ ವಾಲ್ವ್ ಫಿಟ್ಟರ್ ಎಂದು ಗೊತ್ತಾಗಿ ಸಾಹುಕಾರರು ಇವನಿಗೆ ಹೇಳಿಕಳಿಸಿದ್ದರು. ಇವನು ಒಂದೇ ದಿನದಲ್ಲಿ ಲೇತಿನ ಮೇಲೆ ಹಿತ್ತಾಳೆಯ ವಾಲ್ವ್ ತಯಾರಿಸಿ ಕೂಡಿಸಿದ, ನೀರಿನ ಲೈನಿಗೆ ಹಾಕುತ್ತಾರಲ್ಲ, ಅಂಥದ್ದು. ನೀರಿನಲ್ಲಿ ವಾಲ್ವನ್ನು ಅರ್ಧ ಮುಚ್ಚಿದರೆ ನೀರು ಕಡಿಮೆ ಬರುತ್ತದೆ. ಮೂವತ್ತು ವರ್ಷ ಅವನು ಕಂಡದ್ದು ಅಷ್ಟೇ. ಬಿಯರಿನಲ್ಲಿ ಗಾಳಿ ಅಡಗಿ ಕೂತಿರುತ್ತದೆ. ಇಕ್ಕಟ್ಟಾದ ಬಾಯಿಯಲ್ಲಿ ಒಮ್ಮೆಲೇ ನುಗ್ಗಿಸಿದರೆ ಅದು ಎದ್ದು ನೊರೆಯಾಗುತ್ತದೆ. ಕುಡಿಯುವವನಾಗಿದ್ದರೆ ಕೌಂಟರಿನ ಮುಂದೆ ಒಂದು ತಾಸು ಕೂತು ಅದನ್ನು ಕಂಡುಕೊಳ್ಳುತ್ತಿದ್ದ. ಇವನು ಕೂಡಿಸಿ, ನಾಲ್ಕು ಜನರಿಗೆ ಹೆಮ್ಮೆಯಿಂದ ತೋರಿಸಿ, ಬಾರಿನಲ್ಲಿ ಹೆಚ್ಚು ಹೊತ್ತು ನಿಲ್ಲಬಾರದು ಎಂದು ಸಿಕ್ಕ ರೈಲಿಗೆ ವಾಡಿಗೆ ಬಂದುಬಿಟ್ಟಿದ್ದ.

ನೊರೆಗೆ ಆ ನಳವೇ ಕಾರಣ ಎಂದು ತಮ್ಮನಿಗೆ ಗೊತ್ತಿದೆಯೇ ಎಂದು ಕೇಳಿದೆ.

"ಇಲ್ಲ. ಹೊಸಾದು ಆದಮ್ಯಾಲ ಹೇಳತೀನಿ. ಬರೇ ಕೈಲೆ ಹೋಗಿ ಹ್ಯಾಂಗ ಹೇಳ್ಲಿ?"

ರಾಜಿಯ ದಿನ ನಾನು ಇವನನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೆ! ಆ ಗ್ಲಾಸಿನ ಗೆರೆ ನೋಡಿ ಅವನು ಬೇರೆಯವನನ್ನು ಬಿಡುಗಡೆ ಮಾಡಿ ತನ್ನನ್ನೇ ಹಿಡಿದುಕೊಂಡಿದ್ದ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ನನಗೆ ಅಲ್ಲಿಯೇ ಅಳು ಬಂತು. ಸೇಡಂನ ಆ ಬಾರಿನಲ್ಲಿ ಕುಡಿಯದೆ ಕೂತು ಅತ್ತವಳು ನಾನೊಬ್ಬಳೇ ಇರಬೇಕು.

ಮಳೆಗಾಲದಲ್ಲಿ ಸಣ್ಣ ಮಾಮಾನನ್ನು ಮತ್ತೆ ಕಲಬುರಗಿಗೆ ಸೇರಿಸಿದೆವು. ಕೈಗೆ ಸಲೈನ್ ಹಚ್ಚಿದ್ದರು. ಸಲೈನಿನ ಕೊಳವೆಯ ಮೇಲೆ ಒಂದು ಪ್ಲಾಸ್ಟಿಕ್ಕಿನ ಸಣ್ಣ ಗಾಲಿ ಇರುತ್ತದಲ್ಲ, ಹನಿ ಹೆಚ್ಚುಕಡಿಮೆ ಮಾಡುವುದು, ದೊಡ್ಡ ಮಾಮಾ ಅದನ್ನು ನೋಡುತ್ತಾ ಕೂತ. ಅದು ಕೊಳವೆಯನ್ನು ಒಂದೇ ಏಟಿಗೆ ಹಿಸುಕುವುದಿಲ್ಲ, ಇಳಿಜಾರಿನ ಮೇಲೆ ಉರುಳುತ್ತಾ ಸ್ವಲ್ಪಸ್ವಲ್ಪವೇ ಒತ್ತುತ್ತದೆ. ನೋಡಿ ಸುಮ್ಮನಿರುವ ಗಿರಾಕಿಯೇ ಇವನು? ಮೇಲಕ್ಕೆ ಉರುಳಿಸಿದ, ಕೆಳಕ್ಕೆ ಉರುಳಿಸಿದ, ಮತ್ತೆ ಮೇಲಕ್ಕೆ. ಸಿಸ್ಟರ್ ಓಡಿ ಬಂದು, ಪೇಶಂಟನ್ನು ಕೊಲ್ಲಬೇಕೆಂದಿದ್ದೀರೇನು ಎಂದು ವಾರ್ಡಿನಿಂದ ಹೊರಗೆ ಹಾಕಿದರು. ನಾನು ಕ್ಷಮೆ ಕೇಳಲು ಹೊರಗೆ ಹೋದರೆ ಮಾಮಾ ಆಗಲೇ ಬಸ್ ಸ್ಟ್ಯಾಂಡಿಗೆ ಹೊರಟಿದ್ದ. ಒತ್ತುವುದು ಒಂದೇ ಕಡೆ ಆಗಬಾರದು, ಉದ್ದಕ್ಕೂ ಆಗಬೇಕು ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದ.

ಅವನಿಗೆ ಹೊಳೆದ ಹೊಸ ನಳ ಹೀಗಿತ್ತು: ಹಿತ್ತಾಳೆಯ ಒಂದು ಉದ್ದನೆಯ ಮೊನೆ, ಅದರ ಸುತ್ತ ಅದೇ ಆಕಾರದ ಕೊಳವೆ, ನಡುವೆ ಬಿಯರ್ ಹರಿಯಲು ಕೂದಲೆಳೆಯಷ್ಟು ಸಂದು. ಪಕ್ಕದ ಗುಂಡನೆಯ ಗುಬುಟು ಹಿಡಿದು ತಿರುವಿದರೆ ಮೊನೆ ಹಿಂದೆ ಮುಂದೆ ಸರಿದು ಸಂದು ಹೆಚ್ಚುಕಡಿಮೆ ಆಗಬೇಕು. ಹೇಳಲು ಇಷ್ಟೇ. ಮಾಡಲು ನಾಲ್ಕು ತಿಂಗಳು ಹಿಡಿಯಿತು. ಮೊನೆಯ ಮೈ ಒಂದಿಷ್ಟು ಒರಟಿದ್ದರೂ ನೊರೆ ಏಳುತ್ತಿತ್ತು. ಕೊನೆಗೆ ಮಸ್ತಾನ್ ಭಾಯ್ ಶಹಾಬಾದಿ ಕಲ್ಲಿಗೆ ಕಡೆಯ ಪಾಲಿಶ್ ಮಾಡುವ ಪುಡಿ ತಂದು, ಒದ್ದೆ ಬಟ್ಟೆಯಲ್ಲಿ ಮೂರು ದಿನ ತಿಕ್ಕಿ, ಮುಖ ಕಾಣುವ ಹಾಗೆ ಮಾಡಿಕೊಟ್ಟರು. ಅದನ್ನು ಕೂಡಿಸಿದ ದಿನ ನೊರೆ ಗ್ಲಾಸಿನ ಬಾಯಿಯಲ್ಲಿ ಮುಕ್ಕಾಲು ಇಂಚು ಬಂದು ನಿಂತಿತು, ಕುಡಿಯುವವರಿಗೆ ಬೇಕಾದಷ್ಟೇ. ಆಮೇಲೆ ಸುರಿದ ಹನ್ನೆರಡು ಗ್ಲಾಸುಗಳಲ್ಲೂ ಅಷ್ಟೇ.

ಆದರೆ ಹೊತ್ತು ಮೀರಿತ್ತು. ದೀಪಾವಳಿಯ ಹೊತ್ತಿಗೆ ಸಣ್ಣ ಮಾಮಾನಿಗೆ ಬೆಳಕು ಯಾವ ಕಡೆ ಇದೆ ಎಂದು ತಿಳಿಯುತ್ತಿತ್ತು, ಅಷ್ಟೇ. ನೋಟುಬುಕ್ಕಿನ ಪುಟದ ಒಂದು ಬದಿ ಖಾಲಿ ಉಳಿಯತೊಡಗಿತ್ತು.

ಆದರೂ ದೊಡ್ಡ ಮಾಮಾ ಅವನನ್ನು ಕರೆದುಕೊಂಡು ಬಂದ. ಒಂದು ಬೆಳಿಗ್ಗೆ ನಾವು ಮೂವರೂ ಆ ಬಾರಿಗೆ ಹೋದೆವು. ಕುರ್ಚಿಗಳು ಇನ್ನೂ ಟೇಬಲ್ಲುಗಳ ಮೇಲೆ ತಲೆಕೆಳಗಾಗಿದ್ದವು. ಸಣ್ಣ ಮಾಮಾ ಯಾರ ಕೈಯನ್ನೂ ಹಿಡಿಯದೆ, ತಾನು ಅಷ್ಟು ದಿನ ಓಡಾಡಿದ ಜಾಗದಲ್ಲಿ ನಡೆದು ಕೌಂಟರಿನ ಹಿಂದೆ ಹೋಗಿ ನಿಂತ. ದೊಡ್ಡ ಮಾಮಾ ಅವನ ಬೆರಳುಗಳನ್ನು ಗುಬುಟಿನ ಮೇಲೆ ಇಟ್ಟ. ಅವನು ಗ್ಲಾಸು ಓರೆಯಾಗಿ ಹಿಡಿದು ತಿರುವಿದ. ಸದ್ದೇ ಇಲ್ಲದೆ ಗ್ಲಾಸು ತುಂಬಿತು.

ದೊಡ್ಡ ಮಾಮಾ ತಮ್ಮನ ಕೈಯಿಂದ ಗ್ಲಾಸು ತೆಗೆದು ಕೌಂಟರಿನ ಮೇಲಿಟ್ಟ.

"ತಮ್ಮಾ, ಮೊದಲಿನ ನಳ ಕೆಟ್ಟಿತ್ತು. ನಿನ್ನ ಕೈ ಜೋರಾಗಿದ್ದಲ್ಲ. ತಪ್ಪು ನಂದದ."

"ಗೊತ್ತದ ಅಣ್ಣಾ," ಎಂದ ಸಣ್ಣ ಮಾಮಾ. "ನೀ ಕೂಡಿಸಿ ಹೋದ ದಿನಾನೇ, ಮೊದಲ್ನೇ ಗ್ಲಾಸಿಗೇ ಗೊತ್ತಾತು."

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ದೊಡ್ಡ ಮಾಮಾ ಕೇಳಿದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ.

"ನೀ ಅವತ್ತು ಎಲ್ಲರಿಗೂ ತೋರಸ್ಲಿಕತ್ತಿದ್ದಿ. ಭಾಳ ಖುಷಿ ಇದ್ದಿ. ನಾಳಿ ಹೇಳೋಣ, ನಾಳಿ ಹೇಳೋಣ ಅಂತ ಬಿಟ್ಟೆ. ಒಂದು ಗ್ಲಾಸಿಗಿ ಮೂರು ಸಲ ನಿಲ್ಲಿಸಿ ನಿಲ್ಲಿಸಿ ತುಂಬತಿದ್ದೆ, ಹ್ಯಾಂಗೋ ನಡೀತಿತ್ತು. ಅವತ್ತ ಮಂದ್ಯಾಗ ನಿಲ್ಲಸ್ಲಿಕ್ಕಿ ಆಗಲಿಲ್ಲ."

ಅಣ್ಣನ ಮನಸ್ಸು ನೋಯಬಾರದು ಎಂದು ಒಂದು ಮಾತನ್ನು ನುಂಗಿಕೊಂಡದ್ದಕ್ಕೆ ಎರಡು ಕಣ್ಣು ಹೋದವು. ಇದಕ್ಕೆ ಯಾರನ್ನು ಬಯ್ಯಬೇಕು ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಅವರಿಬ್ಬರೂ ಕೌಂಟರಿನ ಆಚೆ ಈಚೆ ನಿಂತಿದ್ದರು. ಸಣ್ಣ ಮಾಮಾ, ಈ ನಳದ ನೊರೆ ಹೇಗಿದೆ ಎಂದು ಕೇಳಿದ. ದೊಡ್ಡ ಮಾಮಾ ಕಣ್ಣು ಒರೆಸಿಕೊಂಡು ಪಟ್ಟಿ ಹಿಡಿದು, ಮುಕ್ಕಾಲು ಇಂಚು ಎಂದ.

"ಅಳತಿ ಬ್ಯಾಡಣ್ಣಾ. ಹ್ಯಾಂಗ ಕಾಣಸ್ತದ, ಅದು ಹೇಳು."

ಹುಟ್ಟಿದಾಗಿನಿಂದ ಅಳತೆ ಬಿಟ್ಟು ಬೇರೆ ಮಾತಾಡದವನು ಏನು ಹೇಳಬೇಕು? ಮಾಮಾ ಪಟ್ಟಿ ಕೆಳಗಿಟ್ಟ. ಗ್ಲಾಸನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದು ಭಾಳ ಹೊತ್ತು ನೋಡಿದ.

"ಅವ್ವ ಕೊಟ್ಟಿಗ್ಯಾಗ ಹಾಲು ಹಿಂಡತಿದ್ಲಲ್ಲ," ಎಂದ. "ಚರಿಗಿ ಮ್ಯಾಲ ಬೆಳ್ಳಗ ನೊರಿ ಬಂದು ನಿಲ್ತಿತ್ತು. ನೀ ಬೆರಳಿಲೆ ತಗೊಂಡು ತಿಂದು, ಮೂಗಿಗೆಲ್ಲಾ ಹಚ್ಕೊಂಡು ಓಡಿ ಬರ್ತಿದ್ದಿ. ಹಂಗ ಅದ ತಮ್ಮಾ. ಅಷ್ಟೇ ಅದ."